ಉಳಿದುಬಂದ ನಿಲ್ದಾಣ: ಮದರಾಸಿನ ರಾಯಪುರಂ

ಭಾರತದಲ್ಲಿ ಉಗಿಬಂಡಿಯ ಚರಿತ್ರೆಯನ್ನು ಪಾಠ ಹೇಳುವಾಗ ಎರಡು ದಿನಾಂಕಗಳನ್ನು ತಪ್ಪದೆ ಹೇಳಲಾಗುತ್ತದೆ. 1853ನೆಯ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. 1854ನೆಯ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಎರಡನೆಯ ಮಾರ್ಗ ತೆರೆಯಿತು. ಆದರೆ ಆ ಗಾಡಿಗಳು ಹೊರಟ ಕಟ್ಟಡಗಳನ್ನು ನೋಡಬೇಕೆಂದು ಹೋದವನಿಗೆ ನಿರಾಶೆಯೇ ಗತಿ. ಬೋರಿಬಂದರದ ಆದಿ ನಿಲ್ದಾಣವು 1878ರಿಂದ 1888ರವರೆಗೆ ಕಟ್ಟಿದ ವಿಕ್ಟೋರಿಯಾ ಟರ್ಮಿನಸ್ಸಿನ ವೈಭವದಲ್ಲಿ ಮರೆಯಾಯಿತು. ಹೌರಾದಲ್ಲಿ ಇಂದು ಕಾಣುವುದು ಇಪ್ಪತ್ತನೆಯ ಶತಮಾನದ ಆರಂಭದ ಕಟ್ಟಡ. ಮೂರನೆಯದಾಗಿ 1856ರಲ್ಲಿ ಆರಂಭವಾದ ಮದರಾಸಿನ ರಾಯಪುರಂ ನಿಲ್ದಾಣವೊಂದೇ ತನ್ನ ಮೊದಲ ಕಟ್ಟಡದೊಡನೆ ಉಳಿದಿದೆ. ಬಳಕೆಯಲ್ಲಿರುವ ಭಾರತೀಯ ರೈಲು ನಿಲ್ದಾಣಗಳ ಕಟ್ಟಡಗಳಲ್ಲಿ ಅದೇ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿದೆ.

ಮುಂದುವರಿಯುವ ಮುನ್ನ ಪದವಿಚಾರ ಅಪ್ರಸ್ತುತವಾಗದು. ‘ನಿಲ್’ ಎಂಬ ಧಾತುವಿಗೆ ‘ತಾಣ’ ಪರವಾದಾಗ ತಕಾರಕ್ಕೆ ದಕಾರವು ಆದೇಶವಾಗಿ ‘ನಿಲ್ದಾಣ’ವಾಗುತ್ತದೆ, ತಾಣವು ಸಂಸ್ಕೃತದ ‘ಸ್ಥಾನ’ದ ತದ್ಭವ. ಇಂಗ್ಲಿಷಿನ ‘ಸ್ಟೇಷನ್’ ಶಬ್ದದ ಮೂಲವೂ ನಿಲ್ಲುವ ಅರ್ಥದ ಲ್ಯಾಟಿನ್ ಧಾತುವೇ ಆಗಿರುವುದು ವಿನೋದದ ಸಂಗತಿ. ಇನ್ನು ‘ರಾಯಪುರ’ ಎಂದೊಡನೆ ಕನ್ನಡ ಕಿವಿಗೆ ವಿಜಯನಗರದ ರಾಯರ ನೆನಪಾಗುವುದು ಸಹಜ. ಆದರೆ ಈ ಹೆಸರಿಗೆ ಅರಸರ ಸಂಬಂಧವಿಲ್ಲವೆಂದು ಹೇಳುತ್ತಾರೆ. ಸಂತ ಪೀಟರನನ್ನು ತಮಿಳು ಕ್ರೈಸ್ತರು ರಾಯಪ್ಪರ್ ಎಂದು ಕರೆಯುತ್ತಾರೆ. ಅಲ್ಲಿಯ ದೋಣಿಕಾರರು ಅವನ ಹೆಸರಿನಲ್ಲಿ ಕಟ್ಟಿಕೊಂಡ ಇಗರ್ಜಿಯಿಂದ ಊರಿಗೆ ಆ ಹೆಸರು ಬಂದಿತು.

ದೋಣಿಕಾರರ ಕೇರಿಯ ಬಳಿಯೇ ರೈಲು ನಿಲ್ದಾಣವು ಬಂದುದು ಆಕಸ್ಮಿಕವಲ್ಲ. ಆಗ ಮದರಾಸಿಗೆ ಕಟ್ಟಿದ ಬಂದರವಿರಲಿಲ್ಲ. ಹಡಗುಗಳು ದೂರದ ಸಮುದ್ರದಲ್ಲಿ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ಹುರಿಯಿಂದ ಹೊಲಿದು ಮಾಡಿದ ಮಸೂಲ ದೋಣಿಗಳು ಅಲೆಗಳ ಹೊಡೆತವನ್ನು ದಾಟಿ ಸರಕನ್ನೂ ಜನರನ್ನೂ ದಡಕ್ಕೆ ತರುತ್ತಿದ್ದವು. ಸೇಂಟ್ ಜಾರ್ಜ್ ಕೋಟೆಯ ಉತ್ತರಕ್ಕೆ, ಮುಂದೆ ಜಾರ್ಜ್ ಟೌನ್ ಎನಿಸಿದ ವರ್ತಕರ ಪೇಟೆಗೆ ಹೊಂದಿಕೊಂಡಂತೆ, ಕಡಲ ಸಮೀಪದಲ್ಲಿದ್ದ ರಾಯಪುರಂ ಇದಕ್ಕೆಲ್ಲ ಅನುಕೂಲವಾದ ಸ್ಥಳವಾಗಿತ್ತು. 1853ರಲ್ಲಿ ಮದರಾಸ್ ರೈಲ್ವೆ ಕಂಪನಿಯು ಹಳಿ ಹಾಕುವ ಕೆಲಸವನ್ನು ಆರಂಭಿಸಿತು. 1856ನೆಯ ಜೂನ್ 28ರಂದು ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ನಿಲ್ದಾಣವನ್ನು ಉದ್ಘಾಟಿಸಿದನು. ಜುಲೈ 1ರಿಂದ ವಾಲಾಜಾಪೇಟೆಯ ಕಡೆಗೆ, ಸುಮಾರು 100 ಕಿಲೋಮೀಟರುಗಳ ಮಾರ್ಗದಲ್ಲಿ, ಸಾರ್ವಜನಿಕರ ಸಂಚಾರವು ಮೊದಲಾಯಿತು. ದಕ್ಷಿಣ ಭಾರತದ ಪ್ರಥಮ ಪ್ರಯಾಣಿಕರ ಗಾಡಿ ಇದೇ. ಈ ಹ್ಯಾರಿಸನು 1799ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಸೇನೆಯ ದಂಡನಾಯಕನಾದ ಜನರಲ್ ಹ್ಯಾರಿಸನ ಮೊಮ್ಮಗ. ಅಜ್ಜನು ಫಿರಂಗಿಗಳನ್ನು ಎಳೆಸಿಕೊಂಡು ಬಂದ ನಾಡಿನತ್ತ ಮೊಮ್ಮಗನ ಕಾಲದಲ್ಲಿ ಹಳಿಗಳು ಮುಖಮಾಡಿದವು.

ಕನ್ನಡನಾಡಿಗೂ ಈ ನಿಲ್ದಾಣಕ್ಕೂ ಇರುವ ನಂಟು ಅಷ್ಟಕ್ಕೆ ಮುಗಿಯದು. 1864ರ ಆಗಸ್ಟಿನಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿತು. ಸೆಂಟ್ರಲ್ ನಿಲ್ದಾಣವು ತಲೆಯೆತ್ತಿದುದು 1873ರಲ್ಲಿ. ಎಂದರೆ ಆ ಒಂಬತ್ತು ವರ್ಷಗಳ ಕಾಲ ಬೆಂಗಳೂರಿನಿಂದ ಮದರಾಸಿಗೆ ರೈಲಿನಲ್ಲಿ ಹೋದ ಪ್ರತಿಯೊಬ್ಬ ಕನ್ನಡಿಗನೂ, ವರ್ತಕನಿರಲಿ ವಿದ್ಯಾರ್ಥಿಯಿರಲಿ, ಗಾಡಿಯ ಕೊನೆಯ ತಾಣದವರೆಗೆ ಪಯಣಿಸಿದಾಗ ಕಾಲಿಟ್ಟದ್ದು ರಾಯಪುರಂ ನೆಲದ ಮೇಲೆ. 1871ರಲ್ಲಿ ಇದೇ ಕಂಪನಿಯ ಇನ್ನೊಂದು ಮಾರ್ಗವು ರಾಯಚೂರಿನಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿತು. 1908ರಲ್ಲಿ ಮದರಾಸ್ ರೈಲ್ವೆಯೂ ಧಾರವಾಡವನ್ನು ಕೇಂದ್ರವಾಗಿ ಹೊಂದಿದ್ದ ಸದರ್ನ್ ಮರಾಠಾ ರೈಲ್ವೆಯೂ ಒಂದಾದವು. 1922ರಲ್ಲಿ ಸೆಂಟ್ರಲಿನ ಪಕ್ಕದ ಹೊಸ ಕಚೇರಿಗೆ ಹೋಗುವವರೆಗೆ ಆ ಸಂಯುಕ್ತ ಸಂಸ್ಥೆಯ ಕಾರ್ಯಸ್ಥಾನ ರಾಯಪುರದಲ್ಲಿಯೇ ಇದ್ದಿತು. ಹುಬ್ಬಳ್ಳಿ–ಧಾರವಾಡಗಳ ರೈಲ್ವೆ ನೌಕರರ ಅಹವಾಲುಗಳಿಗೆ ಅಂತಿಮ ಉತ್ತರವು ಅಲ್ಲಿಂದ ಬರಬೇಕಾಗಿತ್ತು.

ಅದಾದ ಮೇಲೆ ಇಳಿಗಾಲ. ದೂರದ ಗಾಡಿಗಳು ಸೆಂಟ್ರಲಿಗೆ ಹೋದವು, ಕಚೇರಿಯೂ ಹೋಯಿತು. ರಾಯಪುರಂ ಸರಕಿನ ಅಂಗಳವಾಗಿ, ಉಪನಗರದ ಗಾಡಿಗಳು ಒಂದು ಗಳಿಗೆ ನಿಂತು ಹೋಗುವ ಸಣ್ಣ ನಿಲುಗಡೆಯಾಗಿ ಉಳಿಯಿತು. ಇಲ್ಲೊಂದು ವಿಪರ್ಯಾಸವಿದೆ. ಬೋರಿಬಂದರವೂ ಹೌರಾವೂ ಹಿರಿಮೆಗೇರಿದ್ದರಿಂದಲೇ ತಮ್ಮ ಮೊದಲ ಕಟ್ಟಡಗಳನ್ನು ಕಳೆದುಕೊಂಡವು. ಜನಸಂದಣಿ ಬೆಳೆದಂತೆ ಹಳೆಯದನ್ನು ಕೆಡವದೆ ವಿಧಿಯಿರಲಿಲ್ಲ. ರಾಯಪುರಂ ಪದವಿಯನ್ನು ಕಳೆದುಕೊಂಡುದರಿಂದ ಯಾರೂ ಅಲ್ಲಿ ದೊಡ್ಡದನ್ನು ಕಟ್ಟಲು ಹೋಗಲಿಲ್ಲ, ಆದುದರಿಂದ ಅದು ಉಳಿಯಿತು. ಆದರೆ ಕಡೆಗಣನೆಯು ಬಹುಕಾಲ ಕಾಪಾಡುವುದಿಲ್ಲ. ಬಳಸುವವರಿಲ್ಲದ ಕಟ್ಟಡವು ತಾನಾಗಿಯೇ ಬೀಳತೊಡಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಾಯಪುರದ ಸ್ಥಿತಿಯೂ ಅದೇ ಆಗಿತ್ತು.

ಇಂತಹ ಕಟ್ಟಡಗಳ ಜೀರ್ಣೋದ್ಧಾರ ಸುಲಭವಲ್ಲ. ಆ ಕಾಲದ ಮದರಾಸಿನ ಕೆಲಸಗಾರರಿಗೆ ಸಿಮೆಂಟು ಗೊತ್ತಿರಲಿಲ್ಲ. ಕಪ್ಪೆಚಿಪ್ಪನ್ನು ಸುಟ್ಟು ಪಡೆದ ಸುಣ್ಣವನ್ನು ಅರೆದು, ಗೋಡೆಗೆ ಬಳಿದು, ಅಮೃತಶಿಲೆಯಂತೆ ಹೊಳೆಯುವವರೆಗೆ ತಿಕ್ಕುವುದು ಅವರ ಕೌಶಲ; ‘ಮದರಾಸ್ ಸುಣ್ಣ’ವೆಂದೇ ಅದು ಪ್ರಸಿದ್ಧ. ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವ ತಾರಸಿಗೂ ಆ ನಗರದ ಹೆಸರೇ ಇದೆ. ಸುಣ್ಣದ ಗೋಡೆಯು ಹೀರಿದ ತೇವವನ್ನು ಮರಳಿ ಹೊರಗೆ ಬಿಡಬಲ್ಲದು. ತಿಳಿಯದವರು ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಸಿಕ್ಕಿ, ಇಟ್ಟಿಗೆಯೇ ಪುಡಿಯಾಗುತ್ತದೆ. ಹೊರಗೆ ಹೊಸದಾಗಿ ಕಾಣುವಂತೆ ಮಾಡಿ ಒಳಗೆ ಕೊಲ್ಲುವ ಈ ಬಗೆಯ ‘ದುರಸ್ತಿ’ಗೆ ನಮ್ಮ ನಾಡಿನ ಎಷ್ಟೋ ಹಳೆಯ ಗುಡಿಗಳೂ ಶಾಲೆಗಳೂ ಬಲಿಯಾಗಿವೆ.

ಮದರಾಸಿನ ಚರಿತ್ರೆಕಾರರಾದ ಎಸ್. ಮುತ್ತಯ್ಯನವರೇ ಮೊದಲಾದವರು ರಾಯಪುರದ ಮಹತ್ತ್ವವನ್ನು ಬರೆದು ಬರೆದು ಜನರಿಗೆ ನೆನಪಿಸಿದರು. ಕಡೆಗೆ ದಕ್ಷಿಣ ರೈಲ್ವೆಯು ಮನಸ್ಸು ಮಾಡಿ ಕಟ್ಟಡವನ್ನು ಸರಿಪಡಿಸಿತು; 2005ರಲ್ಲಿ ಅದು ಪುನಃ ತೆರೆಯಿತು. ಇಟ್ಟಿಗೆಯ ಕೆಂಬಣ್ಣದ ಗೋಡೆ, ಅದರ ಮುಂದೆ ಬಿಳಿಯ ಎತ್ತರದ ಸಾಲುಗಂಬಗಳು: ದೂರದಿಂದ ನೋಡಿದವರು ಇದನ್ನು ನಿಲ್ದಾಣವೆನ್ನದೆ ಯಾರೋ ಸಾಹುಕಾರರ ಬಂಗಲೆಯೆಂದಾರು. ಬಳಿಕ ರಾಯಪುರವನ್ನು ಮದರಾಸಿನ ಮತ್ತೊಂದು ದೊಡ್ಡ ಟರ್ಮಿನಸ್ಸನ್ನಾಗಿ ಮಾಡಬೇಕೆಂಬ ಬೇಡಿಕೆಯೆದ್ದು, ನ್ಯಾಯಾಲಯದವರೆಗೂ ಹೋಯಿತು. ಉತ್ತರ ಮದರಾಸಿನ ಜನರಿಗೆ ಆ ಸೌಕರ್ಯ ಬೇಕೆಂಬುದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಅಂಗಳವೆಲ್ಲ ಹಳಿಗಳಿಂದ ತುಂಬಿದ ಮೇಲೆ ಆ ಸಾಲುಗಂಬಗಳ ಗತಿಯೇನೆಂಬ ಪ್ರಶ್ನೆಯೂ ನ್ಯಾಯವಾದುದೇ.

ಈಗ ಪುರಚ್ಚಿ ತಲೈವರ್ ಡಾ. ಎಂ.ಜಿ.ಆರ್. ಹೆಸರನ್ನು ಹೊತ್ತಿರುವ ಸೆಂಟ್ರಲಿನಲ್ಲಿ ಇಳಿಯುವ ಕನ್ನಡಿಗರು ರಾಯಪುರವನ್ನು ನೋಡಬೇಕೆಂದರೆ ಬೀಚ್ ನಿಲ್ದಾಣಕ್ಕೆ ಹೋಗಿ ಗುಮ್ಮಿಡಿಪೂಂಡಿಯ ಕಡೆಗೆ ಹೊರಡುವ ಉಪನಗರದ ಗಾಡಿಯನ್ನು ಹತ್ತಬೇಕು. ಉತ್ತರಕ್ಕೆ ಸಿಗುವ ಮೊದಲನೆಯ ನಿಲ್ದಾಣವೇ ಅದು.