ಕೈಲಾಸದ ಹಾದಿಯಲ್ಲಿ ಕಚೇರಿಯ ಕರೆ

ಐದು ವರ್ಷಗಳ ಕಾಲ ನಿಂತುಹೋಗಿದ್ದ ಕೈಲಾಸ-ಮಾನಸ ಸರೋವರದ ಯಾತ್ರೆಯು 2025ರಲ್ಲಿ ಪುನಃ ಆರಂಭವಾಯಿತು. ಲಿಪುಲೇಖದ ದಾರಿಯಿಂದ 250, ನಾಥೂಲಾ ದಾರಿಯಿಂದ 500, ಹೀಗೆ ಭಾರತ ಸರ್ಕಾರದ ಮೂಲಕ 750 ಮಂದಿಗೆ ಅವಕಾಶ ದೊರೆಯಿತು. ಅವರಲ್ಲಿ ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದನು. ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಉದ್ಯೋಗ ಅವನದು. ಹಿಂದಿರುಗಿದ ಮೇಲೆ ಮಠಕ್ಕೆ ಬಂದು ಹೀಗೆ ಕೇಳಿದನು:

“ಗುರುಗಳೇ, ಶರಣರು ಕಾಯಕದಲ್ಲಿಯೇ ಕೈಲಾಸವನ್ನು ಕಂಡರೆಂದು ತಾವು ಪಾಠ ಹೇಳಿದ್ದಿರಿ. ನಾನು ಕೈಲಾಸದಲ್ಲಿದ್ದೂ ಕಾಯಕದ ಕರೆಗೆ ಓಗೊಟ್ಟೆನು. ಆದರೂ ಮನಸ್ಸು ಕೊರೆಯುತ್ತಿದೆ. ತಪ್ಪಾಯಿತೆ?”

ನಡೆದದ್ದಿಷ್ಟು. ಕೈಲಾಸದ ಪರಿಕ್ರಮವು ಸುಮಾರು 52 ಕಿಲೋಮೀಟರು, ಮೂರು ದಿನಗಳ ನಡಿಗೆ. ಎರಡನೆಯ ದಿನ ದಾಟತಕ್ಕ ಡೋಲ್ಮಾ ಕಣಿವೆಯು 5,600 ಮೀಟರಿಗೂ ಎತ್ತರ. ಟಿಬೆಟ್ಟಿನಲ್ಲಿ ಚೀನಾ ದೇಶದ ಕಾಲಮಾನವೇ ನಡೆಯುವುದರಿಂದ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಬೆಂಗಳೂರಿನಲ್ಲಿ ಹತ್ತಕ್ಕೆ ಕಚೇರಿ ತೆರೆದರೆ ಅಲ್ಲಿ ಹನ್ನೆರಡೂವರೆ, ನಡಿಗೆಯ ನಡುಮಧ್ಯ. ಇಲ್ಲಿ ಆರಕ್ಕೆ ಮುಚ್ಚಿದರೆ ಅಲ್ಲಿ ರಾತ್ರಿ ಎಂಟೂವರೆ. ಎಂದರೆ ಯಾತ್ರಿಕನ ಸಂಜೆಯ ಲಿಂಗಪೂಜೆಯೂ ಕಚೇರಿಯ ವೇಳೆಯೊಳಗೇ ಬಿದ್ದಿತು!

ಮೊದಲ ದಿನ ಯಮದ್ವಾರವನ್ನು ದಾಟಿ ನದಿಯ ದಂಡೆಯಲ್ಲಿ ಹೋಗುವಾಗ ಇವನ ಮೊಬೈಲು ಮೊಳಗಿತು. ಒಂದು ಲೆಕ್ಕದ ಪಟ್ಟಿ ಎಲ್ಲಿದೆ, ಅದನ್ನು ತೆರೆಯುವ ಗುಪ್ತಪದ ಯಾವುದು ಎಂದು ಮೇಲಧಿಕಾರಿಯ ವಿಚಾರಣೆ. ಮಾತು ಕಡಿಯಿತು, ಮತ್ತೆ ಹತ್ತಿತು, ಹೀಗೆ ಇಪ್ಪತ್ತು ನಿಮಿಷ. ತಂಡದ ವೃದ್ಧರೊಬ್ಬರು ಇವನ ತೋಳನ್ನು ಆಧಾರವಾಗಿ ಹಿಡಿದು ನಡೆಯುತ್ತಿದ್ದರು. ಅವರು ಆ ಚಳಿಗಾಳಿಯಲ್ಲಿ ಕಾದು ನಿಂತು, ನಿಲ್ಲಲಾರದೆ ಬಂಡೆಯ ಮೇಲೆ ಕುಳಿತರು. ಸಂಜೆಗೆ ತಲೆನೋವು, ಏದುಸಿರು. ಮರುದಿನ ಅವರನ್ನು ಕಣಿವೆ ಹತ್ತಗೊಡದೆ ಹಿಂದಕ್ಕೆ ಕಳುಹಿಸಿದರು. ಆ ಎತ್ತರದಲ್ಲಿ ಯಾರಿಗಾದರೂ ಹಾಗಾದೀತು. ಕಾದದ್ದರಿಂದಲೇ ಆಯಿತೆಂದು ಹೇಳಲು ಬಾರದು. ಆದರೆ ಇವನ ಮನಸ್ಸು ಕೊರೆಯುವುದು ಅದಕ್ಕೇ.

ಕರಸ್ಥಲದಲ್ಲಿ ಲಿಂಗವಿದ್ದವನಿಗೆ ಗಿರಿಯಾತ್ರೆ ಏತಕ್ಕೆಂಬ ಪ್ರಶ್ನೆ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಹೋದವನು ಹೇಗೆ ಹೋಗಬೇಕೆಂಬುದಷ್ಟೇ ಪ್ರಕೃತ ವಿಚಾರ. ಕಾಯಕದ ಮಹಿಮೆಯನ್ನು ಸಾರಿದ ಆಯ್ದಕ್ಕಿ ಮಾರಯ್ಯನ ಚರಿತ್ರೆಯನ್ನೇ ನೋಡೋಣ. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದನು. ಪತ್ನಿಯಾದ ಲಕ್ಕಮ್ಮನು ಮೆಚ್ಚಲಿಲ್ಲ; ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬಾರೆಂದಳು. ಕಾಯಕಕ್ಕೂ ಒಂದು ಅಳತೆಯುಂಟೆಂಬುದನ್ನು ನಾವು ಪಾಠದಲ್ಲಿ ಹೇಳಿ ಮುಂದೆ ಹೋಗುತ್ತೇವೆ, ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಆ ಗುಪ್ತಪದವನ್ನು ಹೊರಡುವ ಮುನ್ನ ಯಾರಿಗೂ ಏಕೆ ಒಪ್ಪಿಸಲಿಲ್ಲ?” ಎಂದು ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಒಪ್ಪಿಸಿದರೆ ನನ್ನ ಅವಶ್ಯಕತೆಯೇ ಇಲ್ಲದಂತಾದೀತೆಂಬ ಭಯವಿತ್ತು ಗುರುಗಳೇ” ಎಂದನು. ಇದೇ ಆ ಹೆಚ್ಚಿನ ಅಕ್ಕಿ. ರಜೆಯಲ್ಲಿ ಹೋದವನ ಕೆಲಸ ಆ ದಿನಗಳಲ್ಲಿ ಮತ್ತೊಬ್ಬನ ಪಾಲಿನ ಕಾಯಕ. ಅದನ್ನು ಬಿಟ್ಟುಕೊಡದೆ ಜೇಬಿನಲ್ಲಿಟ್ಟುಕೊಂಡು ಗಡಿ ದಾಟಿದನು. ಅತ್ತ ತೋಳು ಹಿಡಿದಿದ್ದ ವೃದ್ಧರು ಆ ಹೊತ್ತಿನ ನಿಜವಾದ ಕಾಯಕವಾಗಿದ್ದರು. ಮೇಲಧಿಕಾರಿಯೂ ನಿರ್ದೋಷಿಯಲ್ಲ. ರಜೆ ಕೊಟ್ಟು ಕರೆಯನ್ನೂ ಬಿಡೆನೆನ್ನುವುದು ದಾನ ಕೊಟ್ಟು ಬಡ್ಡಿ ಕೇಳಿದಂತೆ.

ಆದಕಾರಣ ಮೊಬೈಲನ್ನೇ ಬಿಟ್ಟು ಹೋಗಿರೆಂದು ನಾನು ಹೇಳುವವನಲ್ಲ. ಉಸಿರು ಕಟ್ಟಿದಾಗ ತಂಡದ ಮುಖ್ಯಸ್ಥರನ್ನು ಕರೆಯಲು, ಮನೆಯವರಿಗೆ ಕ್ಷೇಮ ತಿಳಿಸಲು ಅದು ಬೇಕು. ಚೀನಾ ದೇಶದ ಸಿಮ್ಮಿನಲ್ಲಿ ವಾಟ್ಸಾಪು ನಡೆಯದು, ಅಲ್ಲಿ ಅದಕ್ಕೆ ತಡೆಯುಂಟು. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಇವನ್ನು ಮೊದಲೇ ಕಚೇರಿಯವರಿಗೆ ತಿಳಿಸಿ, ಬೀಗದ ಕೈ, ಕಡತ, ಗುಪ್ತಪದಗಳನ್ನು ಬರೆದು ಒಬ್ಬರ ವಶಕ್ಕೆ ಕೊಡತಕ್ಕದ್ದು. ಪರಿಕ್ರಮದ ಮೂರು ದಿನ ಕರೆಯಬೇಡಿರೆಂದು ತಾರೀಖು ಸಹಿತ ಬರೆದುಕೊಡತಕ್ಕದ್ದು.

ಆ ವಿದ್ಯಾರ್ಥಿಯು ಈಗ ಗುಪ್ತಪದವನ್ನು ಕಿರಿಯ ಸಹೋದ್ಯೋಗಿಗೆ ಒಪ್ಪಿಸಿದ್ದಾನೆ. ಆ ವೃದ್ಧರ ಮನೆಗೂ ಹೋಗಿ ಬಂದನಂತೆ. ಅವರು ಚಹಾ ಕೊಟ್ಟು, ಡೋಲ್ಮಾ ಕಣಿವೆ ಹೇಗಿತ್ತೆಂದು ಕೇಳಿದರಂತೆ.