ಸಲ್ಲೇಖನಾ ವ್ರತವೂ ಕೃತಕ ಶ್ವಾಸಯಂತ್ರವೂ

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಜೀವನು ಬಿಟ್ಟುಹೋದ ಶರೀರವನ್ನು ಮೂರು ವಿಧವಾಗಿ ವಿಂಗಡಿಸಿರುವರು. ಆಯುಷ್ಯವು ತೀರಿ ತಾನಾಗಿ ಕಳಚಿದ್ದು ಚ್ಯುತ. ವಿಷ, ಶಸ್ತ್ರಾಘಾತ, ರಕ್ತಕ್ಷಯ, ಉಚ್ಛ್ವಾಸನಿರೋಧ ಮುಂತಾದ ನಿಮಿತ್ತಗಳಿಂದ ಅಕಾಲದಲ್ಲಿ ಬಿದ್ದದ್ದು ಚ್ಯಾವಿತ. ಸನ್ಯಾಸಪೂರ್ವಕವಾಗಿ, ವಿಧಿಯನ್ನನುಸರಿಸಿ ಬಿಟ್ಟದ್ದು ತ್ಯಕ್ತ. ಸಲ್ಲೇಖನೆಯು ಈ ಮೂರನೆಯದಕ್ಕೆ ಸೇರಿದುದು.

ಇಂದು ನಮ್ಮ ಮನೆಗಳಲ್ಲಿ ಹಿರಿಯರು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ, ಯಂತ್ರದ ಉಸಿರಿನಿಂದ ದಿನಗಳೆಯುವ ಪ್ರಸಂಗಗಳು ಬರುತ್ತಿವೆ. ವೈದ್ಯರು ಮಕ್ಕಳನ್ನು ಕರೆದು, "ಮುಂದೇನು ಮಾಡೋಣ?" ಎಂದು ಕೇಳುತ್ತಾರೆ. ಆಗ ಶ್ರಾವಕರಲ್ಲಿ ಹುಟ್ಟುವ ಶಂಕೆಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಶಂಕೆ: ಪ್ರಜ್ಞೆಯಿಲ್ಲದವರ ಯಂತ್ರವನ್ನು ತೆಗೆಸಿದರೆ ಅದು ಸಲ್ಲೇಖನೆಯಾಗುವುದೇ?

ಸಮಾಧಾನ: ಆಗುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೆಂಬ ನಾಲ್ಕು ನಿಮಿತ್ತಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂದು ವಿಧಿಸಿರುವರು. ಧರ್ಮರಕ್ಷಣೆಯೇ ಉದ್ದೇಶವಾಗಿರಬೇಕು. ವ್ರತಿಯು ಎಚ್ಚರದಲ್ಲಿದ್ದು, ವೈರವನ್ನೂ ಮಮತೆಯನ್ನೂ ತೊರೆದು, ಕ್ಷಮೆ ಕೇಳಿ, ಆಲೋಚನೆ ಮಾಡಿಕೊಂಡು, ಆಹಾರವನ್ನು ಕ್ರಮಕ್ರಮವಾಗಿ ಕಡಿಮೆ ಮಾಡಬೇಕು. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿದ್ದು ದೃಷ್ಟಿ ಕುಂದಿ, ಅಹಿಂಸಾ ಮಹಾವ್ರತದ ಪಾಲನೆಯು ಅಸಾಧ್ಯವಾಗತೊಡಗಿದಾಗ. ಅವರೇ ನಿಶ್ಚಯಿಸಿದರು, ಅವರೇ ಆಚರಿಸಿದರು. ಒಬ್ಬರ ವ್ರತವನ್ನು ಇನ್ನೊಬ್ಬರು ಕೈಗೊಳ್ಳಲಾಗದು. ಆದುದರಿಂದ ಮಕ್ಕಳು ಮಾಡಿದ ನಿರ್ಣಯಕ್ಕೆ ಈ ಪವಿತ್ರ ನಾಮವನ್ನಿಡುವುದು ಸಲ್ಲದು.

ಶಂಕೆ: ಹಾಗಾದರೆ ಅದು ಉಚ್ಛ್ವಾಸನಿರೋಧವೆನಿಸಿ ಹಿಂಸೆಯಾಗುವುದೇ?

ಸಮಾಧಾನ: ಶಾಸ್ತ್ರಕಾರರು ಈ ಯಂತ್ರವನ್ನು ಕಂಡವರಲ್ಲ. ಆದುದರಿಂದ ಲಕ್ಷಣದಿಂದಲೇ ವಿಚಾರಿಸಬೇಕು. ಸ್ವಂತ ಶಕ್ತಿಯಿಂದ ಉಸಿರಾಡುವವನ ಉಸಿರನ್ನು ತಡೆಯುವುದು ನಿರೋಧ. ಹೊರಗಿನ ಸಾಧನದ ಉಸಿರಿನಿಂದ ರೋಗವು ಗುಣವಾಗದೆಂದು ತಿಳಿದ ಮೇಲೆ ಆ ಸಾಧನವನ್ನು ಹಿಂದಕ್ಕೆ ಪಡೆಯುವುದು ಬೇರೆ. ಹಿಂಸೆಗೆ ಪ್ರಾಣವಿಯೋಗವೊಂದೇ ಸಾಲದು, ಕಷಾಯಯುಕ್ತವಾದ ಪ್ರಮಾದವೂ ಇರಬೇಕೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಗುಣವಾಗುವ ರೋಗವಿದ್ದೂ ಖರ್ಚಿಗೆ ಬೇಸತ್ತು, ಆಸ್ತಿಯನ್ನು ಬಯಸಿ, ಇಲ್ಲವೆ ವಿಚಾರಿಸದೆ ಅವಸರದಿಂದ ಯಂತ್ರವನ್ನು ತೆಗೆಸಿದರೆ ಅಲ್ಲಿ ಪ್ರಮಾದವಿದೆ, ಹಿಂಸೆಯೂ ಇದೆ. ಪ್ರತೀಕಾರವಿಲ್ಲವೆಂದು ಬಲ್ಲ ವೈದ್ಯರಿಂದ ನಿಶ್ಚಯಿಸಿಕೊಂಡು, ರೋಗಿಯ ಇಚ್ಛೆಯನ್ನು ಗೌರವಿಸಿ, ಕರುಣೆಯಿಂದ ಒಪ್ಪಿದವರಿಗೆ ಆ ದೋಷವನ್ನು ಹೊರಿಸಲಾಗದೆಂದು ನನ್ನ ತಿಳಿವಳಿಕೆ. ವಿಷದ ಚುಚ್ಚುಮದ್ದಿನಿಂದ ಮರಣವನ್ನು ತರುವುದಾದರೋ ನಿಸ್ಸಂದೇಹವಾಗಿ ಚ್ಯಾವಿತವೇ.

ಶಂಕೆ: ರಾಜ್ಯದ ಕಾನೂನು ಏನು ಹೇಳುತ್ತದೆ?

ಸಮಾಧಾನ: ಎರಡು ವಿಷಯಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಸಲ್ಲೇಖನೆಯು ಆತ್ಮಹತ್ಯಾ ಪ್ರಯತ್ನವೆಂದು ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು.

ಚಿಕಿತ್ಸೆಯನ್ನು ನಿಲ್ಲಿಸುವ ಪ್ರಶ್ನೆಯು ಅರುಣಾ ಶಾನಭಾಗರ ಪ್ರಕರಣದಿಂದ ಮುಂದೆ ಬಂದಿತು. ಉತ್ತರ ಕನ್ನಡದ ಹಳದೀಪುರ ಮೂಲದ ಈ ದಾದಿಯು 1973ರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ಘಾತಕ್ಕೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರ ಆಹಾರವನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ನ್ಯಾಯಾಲಯವು 2011ರಲ್ಲಿ ತಳ್ಳಿಹಾಕಿತು. ಅವರನ್ನು ದಶಕಗಳ ಕಾಲ ಸೇವಿಸಿದ ದಾದಿಯರು ಅವರು ಬದುಕಿರಲೆಂದೇ ಬಯಸಿದ್ದರು. ವೈಯಾವೃತ್ತ್ಯವೆಂದರೇನೆಂಬುದನ್ನು ಅವರಿಂದ ಕಲಿಯಬಹುದು. ಆದರೂ ಆ ತೀರ್ಪು, ಉಚ್ಚ ನ್ಯಾಯಾಲಯದ ಅನುಮತಿಯಿಂದ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂಬ ತತ್ತ್ವವನ್ನು ಒಪ್ಪಿತು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಗೌರವದಿಂದ ಮರಣ ಹೊಂದುವುದು ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆಯನ್ನಿತ್ತಿತು. 2023ರ ಜನವರಿಯಲ್ಲಿ ಆ ವಿಧಾನವು ಸುಲಭವಾಯಿತು. ವಯಸ್ಕರಾದವರು ಸ್ವಸ್ಥಚಿತ್ತದಿಂದ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಪ್ರಸಂಗ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿಯೂ, ಜಿಲ್ಲಾ ವೈದ್ಯಾಧಿಕಾರಿಯು ಹೆಸರಿಸಿದ ವೈದ್ಯರುಳ್ಳ ಎರಡನೆಯ ಮಂಡಳಿಯೂ ಒಪ್ಪಬೇಕು, ಮನೆಯವರ ಸಮ್ಮತಿಯೂ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಿರ್ದೇಶನವನ್ನು ಬರೆದಿಡದವರ ವಿಷಯದಲ್ಲಿಯೂ ಈ ಮಂಡಳಿಗಳ ಕ್ರಮವೇ ಅನ್ವಯಿಸುತ್ತದೆ. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಶಂಕೆ: ಗೃಹಸ್ಥನು ಈಗ ಮಾಡಬೇಕಾದುದೇನು?

ಸಮಾಧಾನ: ಆರೋಗ್ಯವಿರುವಾಗಲೇ ಮನಸ್ಸನ್ನು ತಿಳಿಸಿಡಬೇಕು. ವ್ರತನಿಯಮಗಳಲ್ಲಿ ಇರುವವರು, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಣಮೋಕಾರ ಮಂತ್ರವನ್ನು ಕೇಳಿಸುವವರು ಯಾರು ಎಂಬುದನ್ನು ಬರೆದಿಡುವುದು ಯುಕ್ತ. ಬರೆಯದೆ ಹೋದರೆ ಆ ಭಾರವೆಲ್ಲ ಅಳುತ್ತಿರುವ ಮಕ್ಕಳ ಮೇಲೆ ಬೀಳುತ್ತದೆ. ಅಣ್ಣತಮ್ಮಂದಿರಲ್ಲಿ ಅದರಿಂದಲೇ ಮನಸ್ತಾಪವೂ ಹುಟ್ಟುತ್ತದೆ.

ಸಲ್ಲೇಖನೆಯ ಅತಿಚಾರಗಳು ಐದು: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಇವು ವ್ರತಿಗೆ ಹೇಳಿದವು. ಆದರೂ ಮೊದಲಿನ ಎರಡನ್ನು ಮನೆಯವರೂ ತಮ್ಮಲ್ಲಿ ಪರೀಕ್ಷಿಸಿಕೊಳ್ಳಬೇಕು. ಅಗಲಲಾರದ ಮೋಹದಿಂದ ಯಂತ್ರವನ್ನು ಮುಂದುವರಿಸುವುದು ಒಂದು ಕಡೆಯ ದೋಷ. ಬೇಗ ಮುಗಿಯಲೆಂಬ ಬಯಕೆ ಇನ್ನೊಂದು ಕಡೆಯದು. ವೃದ್ಧರ ಮುಂದೆ ಖರ್ಚುವೆಚ್ಚದ ಮಾತನ್ನಾಡಿ ಅವರನ್ನು ವ್ರತಕ್ಕೆ ನೂಕುವುದು ಘೋರ ಪಾಪ. ಆತ್ಮಹತ್ಯೆಗೆ ಪ್ರೇರಣೆಯು ಕಾನೂನಿನಲ್ಲಿಯೂ ಅಪರಾಧವೇ. ಯಂತ್ರವನ್ನು ತೆಗೆದ ಬಳಿಕವೂ ನೋವಿನ ಶಮನ, ಶುಶ್ರೂಷೆ, ಧರ್ಮಶ್ರವಣ ಇವುಗಳಲ್ಲಿ ಕೊರತೆಯಾಗಬಾರದು.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು:
1. ಚ್ಯಾವಿತಕ್ಕೂ ತ್ಯಕ್ತಕ್ಕೂ ಇರುವ ಭೇದವೇನು?
2. ಪ್ರತೀಕಾರವಿರುವ ರೋಗದಲ್ಲಿ ಸಲ್ಲೇಖನೆಯು ಏಕೆ ಸಲ್ಲದು?
3. ನಿಮ್ಮ ಮನೆಯ ಹಿರಿಯರ ಇಚ್ಛೆಯನ್ನು ನೀವು ಕೇಳಿ ತಿಳಿದಿರುವಿರಾ?