ಸೋರುವ ಶವರ್: ಬಚ್ಚಲಮನೆಯಲ್ಲಿ ಕಲಿತ ಪಾಠಗಳು

ಬೆಂಗಳೂರಿನ ಮನೆಗಳಲ್ಲಿ ಪ್ಲಂಬಿಂಗ್ ಮಾಡಿಕೊಂಡು ಬಂದವನು ನಾನು. ಈ ಊರಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಆಗಿ, ಸುಮಾರು 500 ಮೀಟರ್ ಎತ್ತರ ಏರಿ ಬರಬೇಕು. ಹಾಗೆ ಬಂದ ನೀರು ರಾತ್ರಿಯಿಡೀ ಬಚ್ಚಲ ಜಾಲಿಗೆ ಇಳಿದುಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸೆಕೆಂಡಿಗೆ ಒಂದೇ ಹನಿ ಬಿದ್ದರೂ ದಿನಕ್ಕೆ 86,400 ಹನಿ. ನಾಲ್ಕು ಲೀಟರಿಗೆ ಕಡಿಮೆಯಾಗದು. ಇದನ್ನು ನಿಲ್ಲಿಸುವ ಕೆಲಸದ ಬಹುಪಾಲು ಮನೆಯವರ ಕೈಯಲ್ಲೇ ಆಗುತ್ತದೆ. ಎಲ್ಲಿ ಕೆಟ್ಟಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು, ಅಷ್ಟೆ.

1. ಹನಿ ಬೀಳುವುದು ಒಂದು ಕಡೆ, ಕೆಟ್ಟಿರುವುದು ಇನ್ನೊಂದು ಕಡೆ

ನಲ್ಲಿ ಬಂದ್ ಮಾಡಿದ ಮೇಲೂ ಶವರ್ ತೊಟ್ಟಿಕ್ಕಿದರೆ ಬಹಳ ಮಂದಿ ನೇರವಾಗಿ ಅಂಗಡಿಗೆ ಹೋಗಿ ಹೊಸ ಶವರ್ ತರುತ್ತಾರೆ. ಹಾಕಿದ ರಾತ್ರಿಯೇ ಅದೂ ತೊಟ್ಟಿಕ್ಕುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಾಮೂಲಿ ಶವರಿನ ತಲೆಯಲ್ಲಿ ನೀರನ್ನು ತಡೆದು ನಿಲ್ಲಿಸುವ ಭಾಗವೇ ಇರುವುದಿಲ್ಲ. ತಡೆಯುವುದು ಕೆಳಗಿನ ವಾಲ್ ಮಿಕ್ಸರ್. ಅದರ ಒಳಗಿನ ರಬ್ಬರ್ ವಾಷರ್ ಅಥವಾ ಸೆರಾಮಿಕ್ ಡಿಸ್ಕ್. ಅದು ಸವೆದರೆ ನೀರು ಪೈಪ್ ಹತ್ತಿ ಮೇಲೆ ಬಂದು ತಲೆಯಿಂದ ಬೀಳುತ್ತದೆ.

ಬಕೆಟ್‌ಗೆ ನೀರು ಬಿಟ್ಟಾಗ ಮೇಲಿನಿಂದಲೂ ನೀರು ಇಳಿಯುತ್ತಿದ್ದರೆ, ನೀರನ್ನು ಬಕೆಟ್‌ಗೋ ಶವರಿಗೋ ತಿರುಗಿಸುವ ಡೈವರ್ಟರ್ ಕೆಟ್ಟಿದೆ ಎಂದು ತಿಳಿಯಿರಿ. ಶವರ್ ಓಡುವಾಗ ಮಾತ್ರ ತಲೆಯ ಕುತ್ತಿಗೆಯಿಂದ ನೀರು ಚಿಮ್ಮಿದರೆ ಅಲ್ಲಿರುವ ಸಣ್ಣ ರಬ್ಬರ್ ವಾಷರ್ ಬದಲಿಸಿ. ತಲೆಯನ್ನೇ ಬದಲಿಸುವ ಮಾತು ಅದು ಸೀಳಿದ್ದಾಗ ಮಾತ್ರ.

2. ಅರ್ಧ ಗಂಟೆ ಕಾಯಿರಿ

ಈಗಿನ ಅಗಲದ ಶವರುಗಳ ತಲೆಯಲ್ಲಿ ನೀರು ನಿಂತಿರುತ್ತದೆ. ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ತೊಟ್ಟಿಕ್ಕಿ ತಾನೇ ನಿಲ್ಲುತ್ತದೆ. ಅದು ಸೋರಿಕೆಯಲ್ಲ. ಅರ್ಧ ಗಂಟೆ ಬಿಟ್ಟು ಕೆಳಗೆ ಒಣಗಿದ ಮಗ್ ಇಡಿ. ಬೆಳಗ್ಗೆ ಅದರಲ್ಲಿ ನೀರಿದ್ದರೆ ಮುಂದಿನ ಕೆಲಸಕ್ಕೆ ಇಳಿಯಿರಿ.

3. ತಣ್ಣೀರೋ ಬಿಸಿನೀರೋ, ಬಿಚ್ಚುವ ಮೊದಲೇ ಗೊತ್ತಿರಲಿ

ಮಿಕ್ಸರಿಗೆ ಎರಡು ಕಡೆಯಿಂದ ನೀರು ಬರುತ್ತದೆ. ಎರಡನ್ನೂ ಬಿಚ್ಚಿಕೊಂಡು ಕೂರುವ ಅಗತ್ಯವಿಲ್ಲ. ಗೀಸರ್ ಸ್ವಿಚ್ ಆಫ್ ಮಾಡಿ, ಅದಕ್ಕೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಸ್ವಲ್ಪ ಹೊತ್ತು ನೋಡಿ. ಹನಿ ನಿಂತರೆ ಬಿಸಿನೀರಿನ ಕಡೆ ಕೆಟ್ಟಿದೆ. ನಿಲ್ಲದಿದ್ದರೆ ತಣ್ಣೀರಿನ ಕಡೆ. ನಾನು ಕಂಡಂತೆ ಹೆಚ್ಚಾಗಿ ಬಿಸಿನೀರಿನ ಕಡೆಯೇ ಮೊದಲು ಕೆಡುವುದು, ಏಕೆಂದರೆ ಶಾಖಕ್ಕೆ ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ.

ಸೋಲಾರ್ ಇರುವ ಮನೆಯಲ್ಲಿ ವಾಲ್ವ್ ಸಾಮಾನ್ಯವಾಗಿ ತಾರಸಿಯ ಮೇಲಿರುತ್ತದೆ. ಅದನ್ನು ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಪೂರ್ತಿ ಹರಿಯಬಿಟ್ಟ ಮೇಲೇ ಮಿಕ್ಸರಿಗೆ ಸ್ಪ್ಯಾನರ್ ಹಾಕಿ. ಸೋಲಾರ್ ಟ್ಯಾಂಕಿನ ನೀರು ಬೆಳಗಿನ ಜಾವದಲ್ಲೂ ಕೈ ಸುಡುತ್ತದೆ.

4. ಹಳೆಯ ಭಾಗವನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ

ಬಿಚ್ಚುವ ಮೊದಲು ಕೆಟ್ಟ ಕಡೆಗೆ ನೀರು ಬರುವ ವಾಲ್ವ್ ಮುಚ್ಚಿ, ಜಾಲಿಯ ಮೇಲೆ ಬಟ್ಟೆ ಹಾಸಿ. ಸಣ್ಣ ಸ್ಕ್ರೂ ಒಳಗೆ ಬಿದ್ದರೆ ಸಿಗುವುದಿಲ್ಲ. ಹಿಡಿಯ ಮೇಲಿನ ಕೆಂಪು ಅಥವಾ ನೀಲಿ ಬಿಲ್ಲೆಯನ್ನು ತೆಳ್ಳನೆಯ ಚಾಕುವಿನ ತುದಿಯಿಂದ ಎಬ್ಬಿಸಿದರೆ ಸ್ಕ್ರೂ ಕಾಣುತ್ತದೆ. ಹಿಡಿ ತೆಗೆದ ಮೇಲೆ ಸ್ಪ್ಯಾನರಿನಿಂದ ಒಳಭಾಗವನ್ನು ಹೊರತೆಗೆಯಿರಿ. ನಾಲ್ಕಾರು ಸುತ್ತು ತಿರುಗಿಸಿ ಮುಚ್ಚುವ ಹಳೆಯ ನಲ್ಲಿಯಾದರೆ ಸ್ಪಿಂಡಲ್ ತುದಿಯಲ್ಲಿ ವಾಷರ್ ಇರುತ್ತದೆ, ಬರಿಯ ವಾಷರ್ ಬದಲಿಸಿದರೆ ಸಾಕು. ಕಾಲು ಸುತ್ತಿಗೆ ನಿಲ್ಲುವ ಹೊಸ ನಲ್ಲಿಯಾದರೆ ಡಿಸ್ಕ್ ಇರುವ ಕಾರ್ಟ್ರಿಜ್ ಪೂರ್ತಿ ಬದಲಾಗಬೇಕು. ಅದರ ಉದ್ದ, ಹಲ್ಲುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಬಾಯಲ್ಲಿ ವರ್ಣಿಸಿ ತಂದದ್ದು ಕೂರುವುದಿಲ್ಲ.

ಹೊಸದನ್ನು ಹಾಕುವ ಮೊದಲು ವಾಲ್ವನ್ನು ಒಂದು ಕ್ಷಣ ತುಸು ತೆರೆದು ನೀರು ಹೊರಗೆ ಹಾಯಲಿ. ಟ್ಯಾಂಕರ್ ನೀರಿನ ಮರಳಿನ ಒಂದು ಕಣ ಉಳಿದರೂ ಹೊಸ ಡಿಸ್ಕಿಗೆ ಗೀರು ಬಿದ್ದು ಮತ್ತೆ ಸೋರುತ್ತದೆ.

ಗೋಡೆಯೊಳಗೆ ಹುದುಗಿಸಿದ ಡೈವರ್ಟರ್ ಇರುವ ಮನೆಯವರಿಗೆ ಒಂದು ಮಾತು: ಕಾರ್ಟ್ರಿಜ್ ಕೆಟ್ಟಿದ್ದರೆ ಅದು ಮುಂದಿನ ಕವರ್ ಪ್ಲೇಟ್ ತೆಗೆದರೆ ಹೊರಬರುತ್ತದೆ. ಟೈಲ್ಸ್ ಒಡೆಯಲೇಬೇಕು ಎಂದು ಯಾರಾದರೂ ಹೇಳಿದ ಕೂಡಲೇ ತಲೆಯಾಡಿಸಬೇಡಿ. ನಮ್ಮ ಕಸುಬಿನವರೇ ಅವಸರಕ್ಕೆ ಹಾಗೆ ಹೇಳಿ ಮನೆಯವರ ದುಡ್ಡು ಹಾಳುಮಾಡುವುದು ನನಗೆ ನಾಚಿಕೆಯ ವಿಷಯ.

5. ಬೋರ್ ನೀರಿಗೆ ಹುಳಿಯೇ ಮದ್ದು, ಆಸಿಡ್ ಅಲ್ಲ

ಬೋರ್‌ವೆಲ್ಲಿನ ಗಡಸು ನೀರು ಬಿಟ್ಟುಹೋಗುವ ಬಿಳಿ ಸುಣ್ಣ ಶವರಿನ ತೂತುಗಳನ್ನು ಕಟ್ಟುತ್ತದೆ. ಆಗ ನೀರು ಅಡ್ಡಡ್ಡ ಚಿಮ್ಮುತ್ತದೆ. ಜನ ಅದನ್ನೂ ಸೋರಿಕೆ ಎನ್ನುತ್ತಾರೆ. ತಲೆಯನ್ನು ಬಿಚ್ಚಿ ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಬಾತ್‌ರೂಮ್ ಆಸಿಡ್ ಮುಟ್ಟಿಸಬೇಡಿ. ಅದು ಕ್ರೋಮ್ ಲೇಪವನ್ನು ತಿಂದು ಒಳಗಿನ ಹಿತ್ತಾಳೆಗೂ ಬಾಯಿ ಹಾಕುತ್ತದೆ.

6. ಬಲ ಹಾಕಿದಷ್ಟೂ ಕೆಲಸ ಕೆಡುತ್ತದೆ

ಶವರ್ ಆರ್ಮ್ ಗೋಡೆಗೆ ಸೇರುವ ಜಾಗದಲ್ಲಿ ಅರ್ಧ ಇಂಚಿನ ಥ್ರೆಡ್ ಇರುತ್ತದೆ. ಹಳೆಯ ಜಿಐ ಪೈಪಿನ ಕಾಲದಲ್ಲಿ ಸೆಣಬಿನ ನಾರು ಸುತ್ತಿ, ಪೇಂಟ್ ಬಳಿದು, ದೊಡ್ಡ ಪೈಪ್ ರೆಂಚ್ ಹಾಕಿ ಜಗ್ಗುತ್ತಿದ್ದರು. ಕಬ್ಬಿಣ ತಡೆದುಕೊಳ್ಳುತ್ತಿತ್ತು. ಈಗ ಗೋಡೆಯೊಳಗಿರುವುದು ಸಿಪಿವಿಸಿ. ಆ ಪೇಂಟ್, ಎಣ್ಣೆಯ ಅಂಟುಗಳು ಈ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಟೆಫ್ಲಾನ್ ಟೇಪ್ ಒಂದೇ ಸಾಕು. ಹಳೆಯ ಟೇಪನ್ನು ಪೂರ್ತಿ ಕೆರೆದು ತೆಗೆದು, ಥ್ರೆಡ್ಡಿನ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಳೆದು ಸುತ್ತಿ. ಅಂಗಡಿಯ ತೆಳು ಟೇಪಾದರೆ ಎಂಟು–ಹತ್ತು ಸುತ್ತು ಬೇಕಾಗುತ್ತದೆ. ತಿರುವುಮುರುವಾಗಿ ಸುತ್ತಿದರೆ ತಿರುಪುವಾಗ ಬಿಚ್ಚಿಕೊಂಡು ಬರುತ್ತದೆ.

ಕೈಯಿಂದ ಆದಷ್ಟು ತಿರುಪಿ, ಆಮೇಲೆ ಸ್ಪ್ಯಾನರಿನಿಂದ ಒಂದು ಸುತ್ತಿನಷ್ಟು. ಆರ್ಮ್ ನೇರಕ್ಕೆ ಬರಲಿಲ್ಲ ಎಂದು ಸ್ವಲ್ಪ ಹಿಂದಕ್ಕೆ ತಿರುಗಿಸಬೇಡಿ, ಟೇಪಿನ ಹಿಡಿತ ಅಲ್ಲಿಗೇ ಹೋಯಿತು. ಬಿಚ್ಚಿ ಹೊಸ ಟೇಪ್ ಸುತ್ತಿ. ಇನ್ನೂ ಒಂದು ಪಟ್ಟು ಬಿಗಿ ಮಾಡೋಣ ಎಂದು ಜಗ್ಗಿದರೆ ಗೋಡೆಯೊಳಗಿನ ಎಲ್ಬೋ ಬಿರಿಯುತ್ತದೆ, ಅದು ಹೊರಗೆ ಕಾಣುವುದೇ ಇಲ್ಲ. ಸಣ್ಣ ರಿಪೇರಿ ಟೈಲ್ಸ್ ಒಡೆಯುವ ಕೆಲಸವಾಗುವುದು ಹೆಚ್ಚಾಗಿ ಈ ಒಂದು ಪಟ್ಟಿನಿಂದ.

7. ಗೋಡೆಯ ತೇವ ಯಾವಾಗ ಹೆಚ್ಚುತ್ತದೆ ಎಂದು ಗಮನಿಸಿ

ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಪೇಂಟ್ ಉಬ್ಬಿ, ಬಿಳಿ ಉಪ್ಪು ಹೊರಬರುತ್ತಿದ್ದರೆ ನೀರು ಒಳಗೇ ಹೋಗುತ್ತಿದೆ. ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಟ್ಯಾಂಕಿನಿಂದ ಮಿಕ್ಸರ್‌ವರೆಗಿನ ಪೈಪಿನಲ್ಲಿ ಹಗಲೂ ರಾತ್ರಿಯೂ ಒತ್ತಡ ಇರುತ್ತದೆ. ಮಿಕ್ಸರಿನಿಂದ ಶವರ್‌ವರೆಗಿನ ಪೈಪಿಗೆ ನೀರು ಬರುವುದು ಶವರ್ ಹಾಕಿದಾಗ ಮಾತ್ರ. ಕೆಲವು ದಿನ ಬಚ್ಚಲನ್ನೇ ಬಳಸದಿದ್ದರೂ ತೇವ ಗೆರೆ ದಾಟಿದರೆ ಮೊದಲನೆಯ ಭಾಗದ ಮೇಲೆ ಅನುಮಾನ. ಬಕೆಟ್ ಸ್ನಾನಕ್ಕೆ ಸುಮ್ಮನಿದ್ದು ಶವರ್ ಹಾಕಿದ ದಿನ ಹೆಚ್ಚಿದರೆ ಮೇಲಿನ ಪೈಪು, ಆರ್ಮ್ ಕೂಡುವ ಜಾಗ, ಇಲ್ಲವೇ ಶವರಿನ ನೀರು ಬಡಿಯುವ ಟೈಲ್ಸ್ ಸಂದು. ಬರಿಯ ಬಕೆಟ್ ಸ್ನಾನಕ್ಕೂ ಹೆಚ್ಚಿದರೆ ಪೈಪಿನ ತಪ್ಪಲ್ಲ: ನೆಲದ ಸಂದುಗಳ ಗ್ರೌಟ್ ಅಥವಾ ಜಾಲಿಯ ಸುತ್ತ ಬಿರುಕು ಬಿಟ್ಟಿದೆ. ಗೋಡೆಯೊಳಗಿನ ಕೆಲಸವನ್ನು ನೀವು ಮಾಡಲು ಹೋಗಬೇಡಿ. ಈ ಮೂರರಲ್ಲಿ ಯಾವುದು ಎಂದು ಕರೆಸಿದವನಿಗೆ ಹೇಳಿ. ಅರ್ಧ ಗೋಡೆ ಉಳಿಯುತ್ತದೆ.

8. ಮನೆ ಕಟ್ಟಿಸುತ್ತಿರುವವರಿಗೆ

ಟೈಲ್ಸ್ ಕೂರಿಸುವ ಮೊದಲು ಪೈಪುಗಳಿಗೆ ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಗೇಜಿನ ಮುಳ್ಳು ಇಳಿಯದಿರುವುದನ್ನು ನೀವೇ ನಿಂತು ನೋಡಿ. ಪ್ರತಿ ಬಚ್ಚಲಿಗೂ ಬೇರೆ ವಾಲ್ವ್ ಹಾಕಿಸಿ. ಗೋಡೆಗೆ ಅಳತೆಯ ಟೇಪ್ ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಎಷ್ಟು ದೂರ ಎಂದು ಕಾಣುವ ಹಾಗೆ ಪೈಪುಗಳ ಫೋಟೋ ತೆಗೆದು ಮನೆ ಪತ್ರಗಳ ಜೊತೆ ಇಡಿ. ಮುಂದೆ ರಿಪೇರಿಗೆ ಬಂದವನಿಗೆ ಮೊದಲು ಆ ಫೋಟೋ ತೋರಿಸಿ.